ಒಂದಳತೆ ದೊಡ್ಡದು

ಶಾಲೆಯ ಜಿಮ್ಮಿನಲ್ಲಿ ಮೇಜು ಹಾಕಿಕೊಂಡು
ಸ್ಕೀ ಕ್ಲಬ್ಬಿನವರು ಹಳೆಯ ಬಟ್ಟೆ ಮಾರುತ್ತಿದ್ದರು.
ಅಕ್ಟೋಬರ್. ಪೊಹೋರ್ಯೆ ಬೆಟ್ಟದಲ್ಲಿ ಇನ್ನೂ ಹುಲ್ಲು.

ನಾನು ಯಾವತ್ತೂ ಒಂದಳತೆ ದೊಡ್ಡದೇ ಕೊಳ್ಳುವವಳು.
ತೋಳು ಮಡಚಿದರಾಯಿತು, ಅಂಚು ಹೊಲಿದರಾಯಿತು,
ಬರುವ ವರ್ಷಕ್ಕೂ ಆಗಲಿ,
ಆಮೇಲೆ ತಮ್ಮನಿಗೂ.

"ಇದು ಹಾಗಲ್ಲ" ಅಂದ ಕೋಚ್ ಬ್ರಾನೆ,
ನೀಲಿ ರೇಸ್ ಸೂಟನ್ನು ಎಳೆದು ಪಟ್ಟನೆ ಬಿಟ್ಟು.
"ಒಂದೇ ಒಂದು ನೆರಿಗೆ ಸಾಕು, ಗಾಳಿ ಹಿಡಿಯುತ್ತೆ."

ಮಗುವಿಗೆ ಗಾಳಿ ಹಿಡಿಯಬಾರದೆಂದೇ ಅಲ್ಲವೆ
ಇಷ್ಟು ವರ್ಷ ನಾನು
ಉಣ್ಣೆಯ ಮೇಲೆ ಉಣ್ಣೆ ಹೊದಿಸಿದ್ದು?

ಒಳಗಿನ ಪಟ್ಟಿಯಲ್ಲಿ ಹೆಸರುಗಳು:
ಲೋವ್ರೋ, ಮೇಲೊಂದು ಗೀಟು. ತಿಂಕಾರಾ, ಗೀಟು.
ಮೂರನೆಯದು ಒಗೆದೊಗೆದು ಮಾಸಿದೆ.
ಯಾರಿಗೂ ಒಂದು ಚಳಿಗಾಲದಾಚೆ ಆಗಿಲ್ಲ.

ನೇಜಾ ಅದರೊಳಗೆ ಇಳಿದಳು,
ನುಸುಳಿದಳು ಅನ್ನಬೇಕು.
ಪಕ್ಕೆಲುಬು ಎಣಿಸಬಹುದಿತ್ತು,
ಹೊಕ್ಕಳ ಗುಳಿ, ಮೊಣಕಾಲ ಚಿಪ್ಪು.
ಎಂಟು ತುಂಬಿದ ಮೇಲೂ
ಇಷ್ಟು ಸಣ್ಣವಳೇ ಇವಳು?
ಅವಳೋ ಕನ್ನಡಿಯಿಲ್ಲದ ಗೋಡೆಯ ಮುಂದೆ
ಬಗ್ಗಿ, ಕೈ ಮುಂದೆ ಚಾಚಿ,
ಆಗಲೇ ಇಳಿಜಾರಿನಲ್ಲಿದ್ದಳು.

ಮೇಲೆ ಹಾಕಲು ಪ್ಯಾಂಟು ಹುಡುಕಿದೆ,
ಸೊಂಟದಿಂದ ಪಾದದವರೆಗೆ ಎರಡೂ ಬದಿ ಜಿಪ್ಪಿರುವಂಥದು.
ಸ್ಕೀ ಕಳಚದೆ ಬಿಚ್ಚಬೇಕಂತೆ,
ಮೇಲೆ, ಗೇಟಿನ ಬಳಿ, ಸರದಿ ಬಂದಾಗ,
ಮೈನಸ್ ಹನ್ನೆರಡರಲ್ಲಿ.
"ಬಿಚ್ಚಿದ್ದನ್ನು ಹಿಡಿದುಕೊಂಡು ನಿಲ್ಲುವವರು ಯಾರು?"
ಬ್ರಾನೆ ಸುಮ್ಮನೆ ನನ್ನನ್ನು ನೋಡಿದ.

ಪ್ಯಾಂಟು ಮಾತ್ರ
ಒಂದಳತೆ ದೊಡ್ಡದೇ ಕೊಂಡೆ.