ನಡಾವಳಿಯಲ್ಲಿ ಇಲ್ಲದ್ದು

ರೋಮಾ ಕಣಿವೆ, ಲೆಸೊಥೊ. ಜೂನ್ ತಿಂಗಳ ಚಳಿ.
ವಿದ್ಯಾರ್ಥಿ ಪರಿಷತ್ತಿನ ಸಭೆ, ಏಳಕ್ಕೆ ಶುರು.
ಹಾಜರಿ ಒಂಬತ್ತು. ಬರೆದುಕೊಂಡೆ.
ವಿಷಯ ಒಂದು: ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಿಸಿನೀರು.

ಅಧ್ಯಕ್ಷ ಥೆಕೊ ಎದ್ದು
ಹೋರಾಟ ಎಂದ, ಇತಿಹಾಸ ಎಂದ,
ಮೇಜು ಗುದ್ದಿದ್ದಕ್ಕೆ ಟೀ ತುಳುಕಿ
ಹಾಜರಿಯಲ್ಲಿ ಇಬ್ಬರ ಹೆಸರು ಕಲಸಿಹೋಯಿತು.
ಖಜಾಂಚಿ ಡಿನೆಯೊ ಕೇಳಿದ್ದು ಇಷ್ಟೇ:
ಹೋದ ಸಲದ ಬ್ಯಾನರಿಗೆ ಬಟ್ಟೆ ಎಷ್ಟು ಮೀಟರು?
ಯಾರೋ ಸೀನಿದರು.

ನಿರ್ಣಯ: ಕುಲಪತಿಗಳಿಗೆ ಮನವಿ. ಇದು ನಾಲ್ಕನೆಯದು.
ಪರ ಐದು, ವಿರೋಧ ಮೂರು,
ತಟಸ್ಥ ಒಂದು. ಅದು ನಾನು.

ಬರೆಯದೇ ಬಿಟ್ಟದ್ದು:
ಹನ್ನೊಂದು ಮತಗಳಲ್ಲಿ ಸೋತ ಮೊಲೆಫಿ
ಬಾಗಿಲ ಬಳಿ ಕಂಬಳಿ ಹೊದ್ದು ಕೂತಿದ್ದ.
ಸದಸ್ಯನಲ್ಲದವನು ಬಾಯಿ ತೆರೆಯುವಂತಿಲ್ಲ, ನಿಯಮ ಹದಿನಾಲ್ಕು.
ಅರ್ಧಕ್ಕೇ ಎದ್ದು ಹೋದ.
ಒಳನುಗ್ಗಿದ ಗಾಳಿಗೆ ಬೈದುಕೊಂಡು
ಬಾಗಿಲು ಹಾಕಿದವಳೂ ನಾನೇ.

ರಾತ್ರಿ ಹಾಸ್ಟೆಲಿನ ಹಿಂದುಗಡೆ ಕಬ್ಬಿಣದ ಸದ್ದು.
ಬಾಯ್ಲರಿನ ಅಡಿಗೆ ಅಂಗಾತ ಅವನು,
ಟಾರ್ಚು ಹಲ್ಲಲ್ಲಿ,
ಸ್ಪ್ಯಾನರು ಎತ್ತಿಕೊಡಲು ಮುದುಕ ಕಾವಲುಗಾರ.
"ಒಂದು ವಾಷರು, ಅಷ್ಟೇ."
"ಇದನ್ನು ಅಲ್ಲೇ ಹೇಳಬಾರದಿತ್ತೇ?"
"ನಿಯಮ ಹದಿನಾಲ್ಕು" ಎಂದು ನಕ್ಕ.
ನಗುವಿಗೆ ಟಾರ್ಚು ಜಾರಿ
ನಾವು ಮೂವರೂ ಕತ್ತಲಲ್ಲಿ ತಡಕಾಡಿದೆವು.

"ಮನವಿ ಪಾಸಾಯಿತಾ?"
"ಆಯಿತು."
"ಕಳಿಸಿಬಿಡಿ. ಹಳೇ ಟೈರಿನ ರಬ್ಬರು ಕತ್ತರಿಸಿ ಹಾಕಿದ್ದೇನೆ,
ಒಂದು ವಾರ ಬಾಳಿದರೆ ಹೆಚ್ಚು."

ಬೆಳಿಗ್ಗೆ ನಲ್ಲಿ ಕೆಮ್ಮಿತು, ತುಕ್ಕು ಉಗುಳಿತು,
ಆಮೇಲೆ ಬಂತು ಉಗುರುಬೆಚ್ಚಗಿನ ನೀರು.
ಮೂರನೇ ಮಹಡಿಯಿಂದ ಯಾರೋ ಕಿರುಚಿದರು:
ಥೆಕೊ ಗೆದ್ದ!

ತಲೆ ಒರೆಸಿಕೊಳ್ಳುತ್ತಲೇ
ಮನವಿಯ ಮೂರು ಪ್ರತಿ ಟೈಪು ಮಾಡಿದೆ.