ರೈಟ್

ಇಪ್ಪತ್ತೊಂದು ವರ್ಷ ನಿಂತೇ ದುಡಿದವಳು ನಾನು.
ಕಾರವಾರ–ಅಂಕೋಲೆ, ಅಂಕೋಲೆ–ಕಾರವಾರ.
ಬಿಣಗಾದ ತಿರುವಿನಲ್ಲಿ ಬಸ್ಸು ವಾಲುವ ಮೊದಲೇ
ಎಡಗಾಲಿಗೆ ಸುದ್ದಿ ಮುಟ್ಟಿರುತ್ತದೆ,
ಬಲಗಾಲು ಹಗುರಾಗಿ ಕಾಯುತ್ತದೆ.
ಇದನ್ನು ಯಾರೂ ಕಲಿಸಿರಲಿಲ್ಲ.
ಇದಕ್ಕೊಂದು ಹೆಸರಿದೆಯೆಂದೂ ಗೊತ್ತಿರಲಿಲ್ಲ.

ಹೆಸರು ಹೇಳಿದವ ಇನಾಸ್ ಮಾಮ.
ಸರಕು ಹಡಗಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವ;
ಯಂತ್ರ ಕೆಟ್ಟು ಪೆನಾಂಗಿನ ಧಕ್ಕೆಯಲ್ಲಿ ಕೊಳೆತ ಎರಡು ತಿಂಗಳು
ತಗಡು ಬಡಿಯುವ ಮುದುಕನೊಬ್ಬನಿಂದ ಕಲಿತನಂತೆ,
ದಕ್ಷಿಣೆಗೆ ದಿನವೂ ಒಂದು ಡಬ್ಬಿ ಮೀನುಸಾರು.
ತಾಯ್ ಚಿ, ಅಂದ.
ಬೈತಖೋಲದ ನಾಗುಬಾಯಿ ನಕ್ಕಳು:
"ತಾಯಿ ಸರಿ ಮಾರಾಯ, ಛೀ ಯಾಕೆ?"

ನನ್ನ ಬೆನ್ನಿನ ಫೋಟೋ ದೀಪಕ್ಕೆ ಹಿಡಿದು
ಮಣಿಗಳ ನಡುವಿನ ಮೆತ್ತೆ ಸವೆದಿದೆ ಎಂದಿದ್ದರು ಡಾಕ್ಟರು.
ಮನಸ್ಸಿನ ಫೋಟೋ ಯಾರೂ ತೆಗೆಯಲಿಲ್ಲ.
ಎರಡು ರೂಪಾಯಿ ಕಡಿಮೆಯೆಂದು ಒಬ್ಬ ಹುಡುಗನನ್ನು
ಅವರ್ಸಾದಲ್ಲಿ, ಸುರಿಯುವ ಮಳೆಯಲ್ಲಿ, ಇಳಿಸಿದ್ದೆ.
ಆಮೇಲೆ ಎಷ್ಟು ರಾತ್ರಿ ಎಣಿಸಿದರೂ
ಆ ಎರಡು ರೂಪಾಯಿ
ತಾಳೆಯಾಗಲೇ ಇಲ್ಲ.

ಬೆಳಗಿನ ಐದೂವರೆ. ಮರಳ ಮೇಲೆ ನಿಲ್ಲಿಸಿಟ್ಟ
ಹಳೆಯ ಯುದ್ಧನೌಕೆಯ ಹಿಂದೆ ನಾವು ಐದು ಮಂದಿ.
ಇಳಿತದ ನೀರು ಬಿಟ್ಟುಹೋದ ಗಟ್ಟಿ ನೆಲ,
ಬರಿಗಾಲಿಗೆ ಚಳಿ.
"ಒಂದು ತುಂಬಿದ ಕಾಲು, ಒಂದು ಖಾಲಿ ಕಾಲು.
ಖಾಲಿ ಇದ್ದದ್ದೇ ಮುಂದೆ ಹೋಗುವುದು," ಎಂದ ಮಾಮ.
ನನಗೆ ನಗು ತಡೆಯಲಿಲ್ಲ.
ಮುಂದೆ ಖಾಲಿ ಇದೆ, ಮುಂದೆ ಹೋಗಿ, ಮುಂದೆ ಹೋಗಿ
ಎಂದು ಜನ್ಮವಿಡೀ ಕೂಗಿದ್ದು
ನನ್ನ ಕಾಲಿಗೇ ಕೇಳಿಸಿರಲಿಲ್ಲ.

ಅವನ ಪಟ್ಟಿಯಲ್ಲಿ ಕಾಡುಕುದುರೆಯ ಕೂದಲು ಬಿಡಿಸುವುದೊಂದಿತ್ತು.
ಇಲ್ಲಿ ಕುದುರೆ ಎಲ್ಲಿಂದ ತರೋಣ?
"ಗೋಜಲಾದ ಬಲೆ ಬಿಡಿಸಿದಂತೆ, ಅಷ್ಟೇ," ಎಂದಳು ನಾಗುಬಾಯಿ.
ಕುದುರೆ ಹೋಯಿತು, ಬಲೆ ಬಂತು.
ರೆಕ್ಕೆ ಬಿಚ್ಚುವ ಬಿಳಿ ಕೊಕ್ಕರೆಯಂತೂ
ಕಾಳಿ ಕಡಲಿಗೆ ಸೇರುವಲ್ಲಿ ದಿನವೂ ನಿಂತಿರುತ್ತದೆ
ಒಂಟಿಕಾಲಲ್ಲಿ, ಗುರುವಿಲ್ಲದೆ.
ಮೋಡದ ಕೈ ಹಾಗೇ ಉಳಿಯಿತು.
ಕಡಲಡಿಯ ಸೂಜಿ ಎಂಬುದಕ್ಕೆ ಮಾತ್ರ
ಯಾರೂ ಬೇರೆ ಹೆಸರು ಹುಡುಕಲಿಲ್ಲ.
ನಾಗುಬಾಯಿಯ ಅಣ್ಣ ಬಲೆ ಹೊಲಿಯುವ ಸೂಜಿಯನ್ನು
ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋದವನು,
ದೀಪಸ್ತಂಭದ ನಡುಗಡ್ಡೆಯ ಆಚೆ.
ಆ ಭಂಗಿ ಬಂದಾಗ ಅವಳು
ಎಲ್ಲರಿಗಿಂತ ಕೆಳಗೆ ಬಗ್ಗುತ್ತಾಳೆ,
ಮಂಡಿನೋವಿನವಳು,
ಎಲ್ಲರಿಗಿಂತ ತಡವಾಗಿ ಏಳುತ್ತಾಳೆ.
ನಾವು ಬಗ್ಗಿಯೇ ಕಾಯುತ್ತೇವೆ.

ಕಳೆದ ಡಿಸೆಂಬರಿನಲ್ಲಿ ಒಂದು ದಿನ
ಮೋಡದ ಕೈಯ ನಡುವೆ ಮಾಮ ನಿಂತುಬಿಟ್ಟ.
ಎರಡೂ ಕೈ ಗಾಳಿಯಲ್ಲಿ.
ಮೊದಲು ಇದೂ ಪಾಠವೆಂದುಕೊಂಡೆವು.
ಅಲೆ ಬಂತು, ಹೋಯಿತು, ಮತ್ತೆ ಬಂತು.
ಬಂದರಿನಿಂದ ಎರಡು ದೋಣಿ ಹೊರಟವು.
ಆಮೇಲೆ ಅವನ ಕಣ್ಣು ನೋಡಿದೆ:
ಕತ್ತಲಲ್ಲಿ ತಪ್ಪು ನಿಲ್ದಾಣಕ್ಕಿಳಿದವನ ಕಣ್ಣು.
ಮುಂದೇನೆಂದು ನನಗೂ ಹೊಳೆಯಲಿಲ್ಲ.
ಬಾಯಿಗೆ ಬಂದದ್ದು ಒಂದೇ ಮಾತು,
ಎಷ್ಟು ಮೆಲ್ಲಗೆಂದರೆ, ಯಾವ ಡ್ರೈವರಿಗೂ ಕೇಳದಷ್ಟು:
"ರೈಟ್."

ಎಡಗಾಲಿನಿಂದ ಬಲಗಾಲಿಗೆ
ಎಪ್ಪತ್ತೆಂಟು ವರ್ಷದ ಭಾರ
ನಿಧಾನ ಹೊರಟಿತು.

ಚಹಾದಂಗಡಿಯಲ್ಲಿ ಅದರ ಸುದ್ದಿ ಯಾರೂ ಎತ್ತಲಿಲ್ಲ.
ಲೋಟ ಇಡುತ್ತ ಅವನೇ ಅಂದ:
"ಹಡಗಲ್ಲಾದರೆ ಗಂಟೆ ಹೊಡೀತಿದ್ರು, ಬಾಯೆ."
ಈಗ ನಾನು ಅವನ ಪಕ್ಕದಲ್ಲೇ ನಿಲ್ಲುತ್ತೇನೆ.

ಬೆನ್ನು ಈಗಲೂ ನೋಯುತ್ತದೆ, ಹಟ್ಟಿಕೇರಿ ದಾಟಿದ ಮೇಲೆ;
ಮೊದಲು ತೋಡೂರಿಗೇ ಶುರುವಾಗುತ್ತಿತ್ತು.
ಚೀಲದ ಒಳಜೇಬಿನಲ್ಲಿ ಎರಡು ರೂಪಾಯಿಯ ನಾಣ್ಯಗಳನ್ನು
ಬೇರೆಯೇ ಇಟ್ಟಿರುತ್ತೇನೆ.
ಅವರ್ಸಾದಲ್ಲಿ ಹತ್ತುವ ಒಬ್ಬೊಬ್ಬ ಹುಡುಗನ ಮುಖ ನೋಡುತ್ತೇನೆ.
ಅವನಿಗೀಗ ಮೀಸೆ ಬಂದಿರಬೇಕು.