ಸ, ಶ, ಷ

ನೆಲ್ಸನ್ ಪಟ್ಟಣದಲ್ಲಿ ವಾಲ್ಟರ್ ಪೊಲಾರ್ಡ್ ಎಂಬ ಮುದುಕ
ಮನೆ ಖಾಲಿ ಮಾಡುತ್ತ ಇಪ್ಪತ್ತು ಪೌಂಡಿಗೆ ಕೊಟ್ಟ ಜೋಡಿ.
ಮರದ ಮೈ. ಒಂದರ ನೆತ್ತಿಯ ಮೇಲೆ
ಹೂದಾನಿ ಕೂತೆದ್ದ ಬಿಳಿ ಉಂಗುರ.
"ಚೆನ್ನಾಗಿ ಹಾಡ್ತವೆ" ಅಂದ,
ಬೀದಿಗೆಲ್ಲ ಕೇಳುವಂತೆ.

ಹಾಡಿದವು, ಕಂಬಳಿ ಹೊದ್ದುಕೊಂಡು.
ಮೃದಂಗದ ಎಡಗಡೆ ಇದೆ, ಬಲಗಡೆ ಇಲ್ಲ.
ಒಗ್ಗರಣೆ ಮರೆತ ಸಾರು.
ವಾರ್ತೆ ಓದುವವಳ ಬಾಯಲ್ಲಿ
ಸ, ಶ, ಷ ಮೂರೂ ಒಂದೇ ಮುದ್ದೆ.
ಇದೇ ತಪ್ಪಿಗೆ ಮೂರನೇ ಕ್ಲಾಸಿನಲ್ಲಿ
ಗಿರಿಜವ್ವ ಟೀಚರ್ ನನ್ನ ಗೆಣ್ಣಿನ ಮೇಲೆ
ಅಡಿಕೋಲು ಆಡಿಸಿದ್ದು.

ಮೊದಲ ಅನುಮಾನ ಆಂಪ್ಲಿಫೈಯರಿನ ಮೇಲೆ.
ಅಡುಗೆಮನೆಯ ಪುಟ್ಟ ಡಬ್ಬಿಯನ್ನು ಅದಕ್ಕೇ ಕಟ್ಟಿದೆ,
ಅದು ಸಾಸಿವೆ ಸಿಡಿಸಿತು. ಸರಿ, ಅಲ್ಲಿ ತಪ್ಪಿಲ್ಲ.
ಪೇಪರು ಸುರುಳಿ ಸುತ್ತಿ ಒಂದು ತುದಿ ಕಿವಿಗೆ,
ಇನ್ನೊಂದು ಟ್ವೀಟರಿನ ರೇಷ್ಮೆ ಗುಮ್ಮಟಕ್ಕೆ:
ಏನಿಲ್ಲ. ಇನ್ನೊಂದು ಪೆಟ್ಟಿಗೆ: ಏನಿಲ್ಲ.

ನಾಲ್ಕು ತಿರುಪು ಬಿಚ್ಚಿ, ಹಳೇ ಗೋಂದು ಕೆರೆದು,
ಕೆಂಪು ತಂತಿ ಯಾವ ಕಿವಿಗೆ ಎಂದು ಮರೆಯದಂತೆ
ಉಗುರು ಬಣ್ಣದ ಬೊಟ್ಟಿಟ್ಟು ಹೊರತೆಗೆದೆ.
ಪೆನ್ಸಿಲ್ ಸೆಲ್ಲು ತಾಗಿಸಿದರೆ
ಜೀವವಿದ್ದದ್ದು ಟಿಕ್ ಅನ್ನಬೇಕು.
ಅನ್ನಲಿಲ್ಲ. ಮೀಟರಿನ ಎಡಮೂಲೆಯಲ್ಲಿ
ಒಬ್ಬಂಟಿ ಒಂದು.
ಒಳಗೆ ಕೂದಲಿಗಿಂತ ತೆಳು ಸುರುಳಿ, ಸುಟ್ಟು ಕಪ್ಪು.
ಎರಡರಲ್ಲೂ.

ಹೊಸವು ಬ್ರಾಡ್‌ಫರ್ಡಿನಿಂದ ಬಂದವು, ಅದೇ ಓಮು, ಅದೇ ಅಳತೆ.
ಕೂರಿಸುವಾಗ ಅಯಸ್ಕಾಂತ ಸ್ಕ್ರೂಡ್ರೈವರನ್ನು ಕಸಿದುಕೊಂಡು
ಗುಮ್ಮಟಕ್ಕೆ ಕುಟ್ಟುವುದರೊಳಗೆ
ನಡುವೆ ನನ್ನ ಹೆಬ್ಬೆರಳು ಇತ್ತು, ಪುಣ್ಯ.
ಬೆಸುಗೆಯ ಹೊಗೆಗೆ ಕಿಟಕಿ ತೆಗೆದೆ.

ಶನಿವಾರ ಅವನೇ ಬಂದ, ಟ್ಯಾಕ್ಸಿಯಲ್ಲಿ,
ಮರೆತಿದ್ದ ಕಬ್ಬಿಣದ ಸ್ಟ್ಯಾಂಡು ಎರಡು ಹೊತ್ತು.
"ಸತ್ತಿದ್ದವು, ಯಾವಾಗಿನಿಂದ?" ಅಂದೆ.
ಅವನು ನನ್ನ ತುಟಿ ನೋಡಿದ.
ಅವನೂ ಮಾರ್ಜರಿಯೂ ಹದಿನೈದಕ್ಕೇ ಮಗ್ಗಕ್ಕೆ ಹೋದವರು.
ಆ ಗದ್ದಲದಲ್ಲಿ ತುಟಿಯಲ್ಲೇ ಮಾತು, ತುಟಿಯಲ್ಲೇ ಜಗಳ,
ಮದುವೆ ಆಗ್ತೀಯಾ ಅಂತ ಕೇಳಿದ್ದೂ
ನಾಲ್ಕು ಮಗ್ಗದ ಆಚೆಯಿಂದ, ದನಿಯಿಲ್ಲದೆ.
ದೊಡ್ಡಬಳ್ಳಾಪುರದ ನನ್ನ ಚಿಕ್ಕತ್ತೆಯೂ ಹಾಗೇ,
ಪವರ್‌ಲೂಮಿನ ಪಕ್ಕ ನಲವತ್ತು ವರ್ಷ,
ಗುಟ್ಟನ್ನೂ ಕೂಗಿ ಹೇಳುತ್ತಿದ್ದಳು.

"ಏನೋ ಕಮ್ಮಿ, ಇನ್ನೂ ತಿರುಗಿಸು ಅನ್ನೋಳು ಮಾರ್ಜರಿ,
ನಾನು ತಿರುಗಿಸ್ತಿದ್ದೆ, ಪೂರ್ತಿ."
ನನಗೆ ಆಗ ಹೊಳೆಯಿತು, ಸುರುಳಿ ಸುಟ್ಟದ್ದು ಹೇಗೆಂದು.
ಹೇಳಲಿಲ್ಲ.
ಯಾವ ಸಂಜೆ ಸತ್ತವೋ, ಇಬ್ಬರಿಗೂ
ಎಲ್ಲ ಇದ್ದಂತೆಯೇ ಇತ್ತು.

ಸ್ಟ್ಯಾಂಡಿನ ಮೇಲೆ, ಕೂತವರ ಕಿವಿಯ ಎತ್ತರಕ್ಕೆ,
ಪೆಟ್ಟಿಗೆಗಳನ್ನು ಏರಿಸಿ ಗೆಜ್ಜೆಯ ಪದ ಹಾಕಿದೆ.
ಅವನು ಸ್ಪೀಕರಿನ ಕಡೆ ತಿರುಗಲೇ ಇಲ್ಲ,
ನನ್ನ ಮುಖವನ್ನೇ ನೋಡುತ್ತ ನಿಂತ,
ಒಲೆಯ ಮೇಲಿನ ಹಾಲು ನೋಡುವಂತೆ.
ನನಗೇ ತಿಳಿಯದೆ ಏನೋ ಅರಳಿರಬೇಕು.
"ಹಾಂ, ಬಂತು" ಅಂದ.

ಚಹಾ ಕುಡಿಯುತ್ತ ನನ್ನ ಭಾಷೆಯ ಮೂರು ಅಕ್ಷರ
ಒಂದೊಂದಾಗಿ, ದನಿಯಿಲ್ಲದೆ, ಬಾಯಲ್ಲಿ ಬರೆದು ತೋರಿಸಿದೆ.
ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಅಂದ. ತೋರಿಸಿದೆ.
"ಮೊದಲನೆಯದು ಬೇರೆ. ಮಿಕ್ಕೆರಡೂ ಒಂದೇ."
ಅಡಿಕೋಲಿಗೆ ಎಲ್ಲಿ ಹೋಗಲಿ?
ನಮ್ಮೂರಿನಲ್ಲಿ ಕಿವಿ ನೆಟ್ಟಗಿರುವವರೂ
ಹೇಳುವುದು ಅದನ್ನೇ.